ರಜೆಯ ಫೋಟೋಗೆ ಫೋನ್ ಸಾಕಾ, ಕ್ಯಾಮೆರಾ ಬೇಕಾ?

ಹಗಲು ಬೆಳಕಿನಲ್ಲಿ ತೆಗೆದ ಫೋಟೋ, ಅದನ್ನು ನೋಡುವುದೂ ಮೊಬೈಲ್ ಪರದೆಯಲ್ಲೇ ಅಂತಾದರೆ ಎರಡಕ್ಕೂ ಜಾಸ್ತಿ ವ್ಯತ್ಯಾಸ ಕಾಣುವುದಿಲ್ಲ. ಆಕಾಶ ಬೆಳ್ಳಗಾಗಿ ಬೆಟ್ಟ ಕಪ್ಪಾಗುವ ಕಡೆ ಫೋನು ತಾನೇ ಹಲವು ಚಿತ್ರ ಬೆಸೆದು ಒಂದನ್ನು ಕೊಡುತ್ತದೆ. ಕ್ಯಾಮೆರಾದಲ್ಲಾದರೆ ರಾ ಫೈಲ್ (ಕ್ಯಾಮೆರಾ ತಾನೇ ತಿದ್ದದೆ ಉಳಿಸುವ ಕಚ್ಚಾ ಚಿತ್ರ) ತೆಗೆದು, ಆಮೇಲೆ ನೀವೇ ಕೂತು ತಿದ್ದಬೇಕು. ಸೋಮವಾರ ಆಫೀಸ್ ಇರುವವರಿಗೆ ಅಷ್ಟು ಪುರುಸೊತ್ತು ಎಲ್ಲಿ, ಅಲ್ವಾ?

ಸೂರ್ಯ ಮುಳುಗಿದ ಮೇಲೆ ಲೆಕ್ಕವೇ ಬೇರೆ. ಬೆಳಕು ಹಿಡಿಯುವ ಚಿಪ್, ಅಂದರೆ ಸೆನ್ಸರ್, ದೊಡ್ಡದಿದ್ದಷ್ಟೂ ಹೆಚ್ಚು ಬೆಳಕು ಸಿಗುತ್ತದೆ. ಫುಲ್‌ಫ್ರೇಮ್ ಅನ್ನುವ ದೊಡ್ಡ ಕ್ಯಾಮೆರಾ ಸೆನ್ಸರ್ ಸುಮಾರು 36×24 ಮಿ.ಮೀ. ಇರುತ್ತದೆ, ಫೋನಿನದ್ದು ಅದರ ಮುಂದೆ ಉಗುರಿನಷ್ಟು. ಮಬ್ಬುಗತ್ತಲಲ್ಲಿ ತೆಗೆದ ಫೋನ್ ಫೋಟೋವನ್ನು ಹಿಗ್ಗಿಸಿ ನೋಡಿ, ದೂರದ ಮರದ ಎಲೆಗಳೆಲ್ಲ ಒಂದಕ್ಕೊಂದು ಕಲಸಿಹೋಗಿರುತ್ತವೆ. ಜಲಪಾತಕ್ಕೂ ಕ್ಯಾಮೆರಾನೇ ಸರಿ. ಟ್ರೈಪಾಡ್ ಮೇಲಿಟ್ಟು, ಎನ್‌ಡಿ ಫಿಲ್ಟರ್ (ಲೆನ್ಸಿಗೆ ಬರುವ ಬೆಳಕು ತಗ್ಗಿಸುವ ಕಪ್ಪು ಗಾಜು) ಹಾಕಿ, ಶಟರ್ ಅರ್ಧ ಸೆಕೆಂಡ್ ತೆರೆದಿಟ್ಟರೆ ನೀರು ನಯವಾಗಿ ಇಳಿದಂತೆ ಬರುತ್ತದೆ.

ತೂಕ? ಕ್ಯಾಮೆರಾ ಬಾಡಿ, ಎರಡು ಲೆನ್ಸ್, ಟ್ರೈಪಾಡ್ ಸೇರಿದರೆ 2 ಕೆ.ಜಿ. ಸುಲಭವಾಗಿ ದಾಟುತ್ತದೆ. ಹತ್ತುವಾಗ ಗೊತ್ತಾಗುತ್ತದೆ.

ನನ್ನನ್ನು ಕೇಳಿದರೆ, ನಸುಕಿನಲ್ಲೇ ಎದ್ದು ಬೆಟ್ಟದ ತುದಿಯಲ್ಲಿ ಕಾಯುವ ಹುಚ್ಚು, ದೊಡ್ಡ ಪ್ರಿಂಟ್ ಹಾಕಿಸುವ ಆಸೆ ಇದ್ದರೆ ಕ್ಯಾಮೆರಾ ತಗೊಳ್ಳಿ. ಜೊತೆಗೆ ಬಂದವರು ಕಾಯುವವರಲ್ಲ ಅಂದರೆ ಸುಮ್ನೆ ಫೋನು, ಜೊತೆಗೊಂದು ಪುಟ್ಟ ಟ್ರೈಪಾಡ್ ಸಾಕು.