ಹಳೇ ಪದ್ಮಿನಿಗೆ ಎಲೆಕ್ಟ್ರಿಕ್ ಪಂಪ್ ಹಾಕಿಸೋ ಮುಂಚೆ ಇದನ್ನ ಓದಿ

ಹುಬ್ಬಳ್ಳಿ-ಧಾರವಾಡ ಕಡೆ ಇನ್ನೂ ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್ ಇಟ್ಟುಕೊಂಡವರಿಗೆ ಈ ಮಾತು. ಗಾಡಿಗೆ ಪೆಟ್ರೋಲ್ ಸರಿಯಾಗಿ ಬರ್ತಿಲ್ಲ ಅಂತ ಗ್ಯಾರೇಜಿಗೆ ಹೋದಾಗ, ಇಂಜಿನ್ ಮೇಲಿನ ಹಳೇ ಪೆಟ್ರೋಲ್ ಪಂಪ್ ಇರಲಿ, ಹಿಂದೆ ಟ್ಯಾಂಕ್ ಹತ್ತಿರ ಒಂದು ಎಲೆಕ್ಟ್ರಿಕ್ ಪಂಪ್ ಕೂಡಿಸಿಬಿಡೋಣ ಅಂದರೆ ದಯವಿಟ್ಟು ಒಪ್ಪಬೇಡಿ. ನನ್ನ ಇಂಜಿನ್ ಉಳಿದದ್ದೇ ದೊಡ್ಡದು.

ನನ್ನದು ಪದ್ಮಿನಿ, ಅದೇ 1089 ಸಿಸಿ ಇಂಜಿನ್. ಊರೊಳಗೆ ಏನೂ ತಕರಾರಿಲ್ಲ. ಗದಗ ರೋಡ್ ಹಿಡಿದು ಅಣ್ಣಿಗೇರಿ ಹತ್ತಿರ ಬರುತ್ತಿದ್ದ ಹಾಗೆ ಶುರು. ಸ್ಪೀಡ್ ಏರಿಸಿದರೆ ಮಿಸ್ಸಿಂಗ್, ಜರ್ಕ್, ಆಮೇಲೆ ಪೂರ್ತಿ ಬಂದ್. ಸ್ವಲ್ಪ ಹೊತ್ತು ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಹೊರಡುತ್ತದೆ. ಏಪ್ರಿಲ್ ಬಿಸಿಲು, ಎರಡೂ ಕಡೆ ಎರೆ ಹೊಲ, ನಿಲ್ಲೋಕೆ ಒಂದು ಗಿಡದ ನೆರಳಿಲ್ಲ.

ಹುಬ್ಬಳ್ಳಿಯ ಒಂದು ಗ್ಯಾರೇಜಿಗೆ ಒಯ್ದೆ, ಹೆಸರು ಬೇಡ. ಮೇಸ್ತ್ರಿ ಬಾನೆಟ್ ಎತ್ತಿದ, ಒಂದು ಸಲ ರೇಸ್ ಮಾಡಿದ, ಅಷ್ಟೇ. “ಕಾರ್ಬೊರೇಟರ್ ಹೋಗೇತ್ರಿ ಸಾಹೇಬ್ರ, ಹೊಸಾದ ಹಾಕೂನು.” ಕಾರ್ಬೊರೇಟರ್ ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡೋ ಭಾಗ. ಪೆಟ್ರೋಲ್ ಅಲ್ಲಿವರೆಗೆ ಬರ್ತಿದೆಯಾ ಅಂತ ಪೈಪ್ ಬಿಚ್ಚಿ ನೋಡಲೇ ಇಲ್ಲ. ಒರಿಜಿನಲ್ ಸೋಲೆಕ್ಸ್ ಕಂಪನಿ ಕಾರ್ಬೊರೇಟರ್ ತೆಗೆದು, ಬ್ರಾಂಡ್ ಹೆಸರೇ ಇಲ್ಲದ ಡುಪ್ಲಿಕೇಟ್ ಕೂಡಿಸಿದ. ಅದರ ಜೆಟ್ಟಿಗೆ, ಅಂದರೆ ಪೆಟ್ರೋಲ್ ಅಳತೆಯಾಗಿ ಬಿಡೋ ತೂತಿನ ಹಿತ್ತಾಳೆ ತುಣುಕಿಗೆ, ತಂತಿ ಹಾಕಿ ತಿರುವಿದ ಬೇರೆ. ಸೋಲೆಕ್ಸ್ ಜೆಟ್ ಮೇಲಿನ ನಂಬರ್ ಅಂದರೆ ತೂತಿನ ಅಳತೆ, 120 ಅಂತಿದ್ದರೆ 1.20 ಮಿಲಿಮೀಟರ್. ಅಷ್ಟು ಸಣ್ಣ ತೂತಿಗೆ ಸ್ಟೀಲ್ ತಂತಿ ತುರುಕಿದರೆ ಹಿತ್ತಾಳೆ ಸವೆದು ಅಳತೆಯೇ ಕೆಡುತ್ತದೆ. ಗಾಳಿ ಹೊಡೆದು ತೆಗೀಬೇಕು ಕಚರಾನ.

ಇಷ್ಟಾದರೂ ಗಾಡಿ ಮತ್ತೆ ಅದೇ ರೋಡಲ್ಲಿ ನಿಂತಿತು. ಆಗ ಬಂದದ್ದು ಎಲೆಕ್ಟ್ರಿಕ್ ಪಂಪ್. ಟ್ಯಾಂಕ್ ಹತ್ತಿರ ಒಂದು ಪಂಪ್ ಕೂಡಿಸಿ, ಕೀಗೆ ನೇರ ವೈರ್ ಎಳೆದು, ಅದರ ಪೈಪನ್ನು ಇಂಜಿನ್ ಮೇಲಿನ ಹಳೇ ಪಂಪಿಗೇ ಜೋಡಿಸಿ ಕಳಿಸಿದರು. ಪಿಕಪ್ ಭರ್ಜರಿ ಬಂತು, ನಿಜ. ಆದರೆ ಕ್ಯಾಬಿನ್ ತುಂಬ ಪೆಟ್ರೋಲ್ ವಾಸನೆ, ಮತ್ತೆ ಸಿಗ್ನಲ್ಲಲ್ಲಿ ನಿಂತರೆ ಆಯಿಲ್ ಲೈಟ್ ಮಿಣಕ್ ಮಿಣಕ್ ಅನ್ನೋದು. ಫೋನ್ ಮಾಡಿದರೆ “ಹಳೇ ಗಾಡಿ ಅಲ್ರೀ, ಹಂಗ ಇರ್ತೈತಿ” ಅಂದರು.

ಧಾರವಾಡದಲ್ಲಿ ಫಿಯೆಟ್, ಅಂದರೆ ಇದೇ ಪದ್ಮಿನಿ ಜಾತಿಯ ಗಾಡಿಗಳ, ಕೆಲಸದಲ್ಲೇ ತಲೆ ಹಣ್ಣಾದ ಇನ್ನೊಬ್ಬ ಮೇಸ್ತ್ರಿ ಇದ್ದಾರೆ. ಅವರು ಕಾರ್ಬೊರೇಟರ್ ಕಡೆ ನೋಡಲೂ ಇಲ್ಲ, ಮೊದಲು ಆಯಿಲ್ ಮಟ್ಟ ನೋಡೋ ಕಡ್ಡಿ, ಡಿಪ್‌ಸ್ಟಿಕ್, ಎಳೆದರು. ಆಯಿಲ್ ಮ್ಯಾಕ್ಸ್ ಗೆರೆ ದಾಟಿ ಮೇಲೆ ಬಂದಿತ್ತು. ಬೆರಳಲ್ಲಿ ತಿಕ್ಕಿದರೆ ಜಿಡ್ಡೇ ಇಲ್ಲ, ನೀರಿನ ಹಾಗೆ, ಮೂಗಿಗೆ ಹಿಡಿದರೆ ಬರೀ ಪೆಟ್ರೋಲ್. “ಇನ್ನ ಗಾಡಿ ಚಾಲೂ ಮಾಡಬ್ಯಾಡ್ರಿ” ಅಂದರು.

ಆಗಿದ್ದು ಇಷ್ಟು. ಹಳೇ ಪಂಪಿನ ಒಳಗಿನ ಡಯಾಫ್ರಮ್, ಅಂದರೆ ಪೆಟ್ರೋಲ್ ಎಳೆಯೋ ರಬ್ಬರ್ ಪರದೆ, ಸೀಳಿತ್ತು. ಮೊದಲು ಗಾಡಿ ನಿಲ್ಲುತ್ತಿದ್ದದ್ದೂ ಅದಕ್ಕೇ, ಸ್ಪೀಡಲ್ಲಿ ಬೇಕಾದಷ್ಟು ಪೆಟ್ರೋಲ್ ಅದು ಎಳೆದು ಕೊಡುತ್ತಿರಲಿಲ್ಲ. ಈಗ ಹಿಂದಿನಿಂದ ಎಲೆಕ್ಟ್ರಿಕ್ ಪಂಪ್ ಒತ್ತಿದಾಗ ಆ ಸೀಳಿನಿಂದ ಪೆಟ್ರೋಲ್ ಸೀದಾ ಇಂಜಿನ್ ಕೆಳಗಿನ ಆಯಿಲ್ ಚೇಂಬರಿಗೆ ಇಳಿದು ಆಯಿಲ್ ಜೊತೆ ಸೇರಿದೆ. ಹಾಗೇ ಓಡಿಸಿದ್ದರೆ ಬೇರಿಂಗ್ ಕಥೆ ಮುಗೀತಿತ್ತು, ಬೆಂಕಿ ಭಯ ಬೇರೆ. ಮೇಲಾಗಿ ಹುಬ್ಬಳ್ಳಿ ಗ್ಯಾರೇಜಿನವರು ಹಾಕಿದ್ದು ಕಾರ್ಬೊರೇಟರ್ ಇಲ್ಲದ ಇಂಜೆಕ್ಷನ್ ಗಾಡಿಯ ಪಂಪ್. ಅದು 40 ಪಿಎಸ್ಐ (ಒತ್ತಡದ ಅಳತೆ) ಆಸುಪಾಸು ಒತ್ತುತ್ತದೆ, ಈ ಕಾರ್ಬೊರೇಟರಿಗೆ ಬೇಕಾಗಿರೋದು ಮೂರ್ನಾಲ್ಕು ಪಿಎಸ್ಐ. ಕಾರ್ಬೊರೇಟರ್ ತುಂಬಿದಾಗ ಪೆಟ್ರೋಲ್ ದಾರಿ ಮುಚ್ಚೋ, ಫ್ಲೋಟ್ ಮೇಲಿನ ನೀಡಲ್ ಅಷ್ಟು ಒತ್ತಡ ತಡೆಯುತ್ತಾ? ಪೆಟ್ರೋಲ್ ಉಕ್ಕಿ ಬಿಸಿ ಇಂಜಿನ್ ಮೇಲೆ ಸುರೀತಿತ್ತು, ವಾಸನೆ ಅದರದ್ದೇ. ಕೀಗೆ ನೇರ ಕೊಟ್ಟಿದ್ದರಿಂದ, ಎಲ್ಲಾದರೂ ಗುದ್ದಿ ಇಂಜಿನ್ ನಿಂತರೂ ಕೀ ಆಫ್ ಮಾಡೋ ತನಕ ಪಂಪ್ ಓಡ್ತಾನೇ ಇರುತ್ತದೆ!

ಎಲೆಕ್ಟ್ರಿಕ್ ಪಂಪ್ ಕಿತ್ತು, ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಿಸಿ, ಹಳೇ ಪಂಪಿಗೆ ಡಯಾಫ್ರಮ್ ಕಿಟ್ ಹಾಕಿದರು. ಗಾಡಿ ಸರಿಯಾಯಿತು. ಕಿಟ್ ತಗೊಳ್ಳುವಾಗ ಅಂಗಡಿಯಲ್ಲಿ ಧೂಳು ತಿಂದ ಹಳೇ ಸ್ಟಾಕ್ ಬೇಡ, ಎಥನಾಲ್ ತಡೆಯೋ ರಬ್ಬರ್ ಇದ್ದದ್ದನ್ನೇ ಕೇಳಿ. 2023ರ ಫೆಬ್ರವರಿಯಲ್ಲಿ ಬೆಂಗಳೂರಲ್ಲಿ ಚಾಲನೆ ಕೊಟ್ಟ ಶೇಕಡಾ 20ರ ಎಥನಾಲ್ ಪೆಟ್ರೋಲೇ ಈಗ ಬಂಕುಗಳಲ್ಲಿ ಸಿಗೋದು. ನಮ್ಮ ಗಾಡಿಗಳ ರಬ್ಬರ್ ಅದಕ್ಕೆ ಮಾಡಿದ್ದಲ್ಲ. ಪೈಪುಗಳನ್ನೂ ಬೆರಳಲ್ಲಿ ಹಿಚುಕಿ ನೋಡಿ, ಮೆತ್ತಗಾಗಿದ್ದರೆ, ಬಿರುಕು ಬಿಟ್ಟಿದ್ದರೆ ತೆಗೆಸಿಬಿಡಿ.

ಗಾಡಿ ರೋಡಲ್ಲಿ ನಿಂತರೆ ಮೊದಲು ಟ್ಯಾಂಕ್ ಮುಚ್ಚಳ ತೆಗೆಯಿರಿ. ಗಾಳಿ ಒಳಗೆ ಎಳೆದ ಸದ್ದು ಬಂದು ಗಾಡಿ ಚಾಲೂ ಆದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ, ಸುಮ್ನೆ ಬೇರೇನೂ ಬಿಚ್ಚಬೇಡಿ. ಅದಲ್ಲದಿದ್ದರೆ ಇಂಜಿನ್ ತಣ್ಣಗಾದ ಮೇಲೆ ಕಿಡಿ ಬರದ ಹಾಗೆ ಇಗ್ನಿಷನ್ ಕಾಯಿಲ್‌ನ ಸಣ್ಣ ವೈರ್ ಬಿಚ್ಚಿ, ಕಾರ್ಬೊರೇಟರಿಗೆ ಬರೋ ಪೈಪನ್ನ ಬಾಟಲಿಗೆ ಇಳಿಸಿ ಸೆಲ್ಫ್ ಹೊಡೆಸಿ. ಪೆಟ್ರೋಲ್ ಬಿಟ್ಟು ಬಿಟ್ಟು ಜೋರಾಗಿ ಚಿಮ್ಮಬೇಕು. ಸಣ್ಣಗೆ ತೊಟ್ಟಿಕ್ಕಿದರೆ ತೊಂದರೆ ಪಂಪು, ಫಿಲ್ಟರು, ಇಲ್ಲಾ ಟ್ಯಾಂಕಿನ ತುಕ್ಕಿನದ್ದು. ಕಾರ್ಬೊರೇಟರ್ ಬಿಚ್ಚೋಕೆ ಯಾರನ್ನೂ ಬಿಡಬೇಡಿ.

ಇನ್ನೊಂದು, ಬಿಚ್ಚಿದ ಸಾಮಾನು ಅವತ್ತೇ ಕೇಳಿ ಇಸ್ಕೊಳ್ಳಿ. ನನ್ನ ಒರಿಜಿನಲ್ ಸೋಲೆಕ್ಸ್ ಇನ್ನೂ ವಾಪಸ್ ಬಂದಿಲ್ಲ. ಕೇಳಿದರೆ “ಗುಜರಿಗೆ ಹೋತ್ರಿ” ಅಂತಾರೆ. ಅದನ್ನ ಯಾರಿಗೋ ಮಾರಿದ್ದಾರೆ ಅಂತಲೇ ನನ್ನ ಅನುಮಾನ, ಈಗ ಅದಕ್ಕಿರೋ ರೇಟು ಅವರಿಗೂ ಗೊತ್ತಲ್ವಾ.