ಪ್ರಶ್ನೆಗೂ ಉತ್ತರಕ್ಕೂ ನಡುವೆ ಕೇಳಿಸುವುದು: ನಾಲ್ಕು ಹಳೆಯ ರೇಡಿಯೊ ರಸಪ್ರಶ್ನೆ ಕಾರ್ಯಕ್ರಮಗಳ ಹೋಲಿಕೆ

1940ರ ದಶಕದಲ್ಲಿ ಅಮೆರಿಕದ ರೇಡಿಯೊದಲ್ಲಿ ಪ್ರಸಾರವಾದ ರಸಪ್ರಶ್ನೆ ಕಾರ್ಯಕ್ರಮಗಳ ಅನೇಕ ಧ್ವನಿಮುದ್ರಣಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ದೊರೆಯುತ್ತವೆ. ತುಮಕೂರಿನ ನಮ್ಮ ಮನೆಯಲ್ಲಿ ಕಳೆದ ಮಳೆಗಾಲದಿಂದ ರಾತ್ರಿ ಊಟವಾದ ಮೇಲೆ ಅವುಗಳನ್ನು ಕೇಳುವ ರೂಢಿ ಬೆಳೆದಿದೆ. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದ ದೊಡ್ಡಪ್ಪ, ಒಂಬತ್ತನೆಯ ತರಗತಿಯಲ್ಲಿರುವ ಮಗಳು, ವೇಗದ ಇಂಗ್ಲಿಷನ್ನು ಪೂರ್ತಿ ಹಿಂಬಾಲಿಸಲಾಗದ ಅಮ್ಮ ಮತ್ತು ನಾನು ಒಟ್ಟಿಗೆ ಕುಳಿತು ಕೇಳುತ್ತೇವೆ. ‘ಟೇಕ್ ಇಟ್ ಆರ್ ಲೀವ್ ಇಟ್’, ‘ಕ್ವಿಜ್ ಕಿಡ್ಸ್’, ‘ಟ್ವೆಂಟಿ ಕ್ವೆಶ್ಚನ್ಸ್’ ಮತ್ತು ‘ಇನ್‌ಫರ್ಮೇಶನ್ ಪ್ಲೀಸ್’ ಎಂಬ ನಾಲ್ಕನ್ನು ನಾನು ಇಲ್ಲಿ ಹೋಲಿಸುತ್ತಿದ್ದೇನೆ. ಪರದೆ, ಆಯ್ಕೆಗಳ ಪಟ್ಟಿ, ಬಣ್ಣದ ದೀಪಗಳು ಯಾವುವೂ ಇಲ್ಲದ ಮಾಧ್ಯಮದಲ್ಲಿ, ಪ್ರಶ್ನೆ ಮುಗಿದ ಕ್ಷಣದಿಂದ ಉತ್ತರ ಬರುವವರೆಗೆ ಕೇಳುಗನ ಕಿವಿಗೆ ಏನು ಸಿಗುತ್ತದೆ ಎಂಬುದೇ ನನ್ನ ಮುಖ್ಯ ಅಳತೆಗೋಲು.

‘ಟೇಕ್ ಇಟ್ ಆರ್ ಲೀವ್ ಇಟ್’ 1940ರಲ್ಲಿ ಸಿಬಿಎಸ್ ಜಾಲದಲ್ಲಿ ಆರಂಭವಾಯಿತು. ಸಭಿಕರ ನಡುವಿನಿಂದ ಬಂದ ಸ್ಪರ್ಧಿಗೆ ಮೊದಲ ಪ್ರಶ್ನೆಗೆ 1 ಡಾಲರ್, ಮುಂದೆ 2, 4, 8 ಹೀಗೆ ಇಮ್ಮಡಿಯಾಗುತ್ತ ಏಳನೆಯ ಪ್ರಶ್ನೆಗೆ 64 ಡಾಲರ್ ಸಿಗುತ್ತಿತ್ತು. ಗೆದ್ದ ಹಣದೊಂದಿಗೆ ಹಿಂದೆ ಸರಿಯಬಹುದು, ಇಲ್ಲವೇ ಮುಂದುವರಿದು ತಪ್ಪಿದರೆ ಎಲ್ಲವನ್ನೂ ಕಳೆದುಕೊಳ್ಳಬೇಕು. ಸ್ಪರ್ಧಿ ಮುಂದಕ್ಕೆ ಹೆಜ್ಜೆ ಇಟ್ಟಾಗ ‘ಯೂ ವಿಲ್ ಬಿ ಸಾರಿ’ ಎಂದು ಸಭಿಕರು ಕೂಗುವುದನ್ನು ಮಗಳು ಬಹಳ ಮೆಚ್ಚಿದಳು. ‘ಕನ್ನಡದ ಕೋಟ್ಯಧಿಪತಿ’ಯನ್ನು ನೋಡಿದವರಿಗೆ ಈ ಏಣಿಯ ರಚನೆ ಕೂಡಲೇ ಪರಿಚಿತವೆನಿಸುತ್ತದೆ. ಆದರೆ ಇಲ್ಲಿ ಕುತೂಹಲವೆಲ್ಲ ಹಣದ ಸುತ್ತಲೇ ತಿರುಗುತ್ತದೆ. ಎಂಬತ್ತು ವರ್ಷಗಳ ಬಳಿಕ 64 ಡಾಲರಿನ ತೂಕ ನಮಗೆ ತಟ್ಟದಿರುವುದರಿಂದ, ನಡುವಿನ ಮೌನ ಖಾಲಿಯಾಗಿಯೇ ಉಳಿಯುತ್ತದೆ. ಒಂದೆರಡು ಕಂತುಗಳನ್ನು ಕೇಳಿದರೆ ಸಾಕು.

‘ಕ್ವಿಜ್ ಕಿಡ್ಸ್’ ಕೂಡ 1940ರದೇ, ಶಿಕಾಗೊದಿಂದ ಪ್ರಸಾರವಾಗುತ್ತಿತ್ತು. ಪ್ರತಿ ವಾರ ಐವರು ಮಕ್ಕಳು ಕೂಡುತ್ತಿದ್ದರು. ಹೆಚ್ಚು ಅಂಕ ಗಳಿಸಿದ ಮೂವರು ಮರುವಾರವೂ ಬರುತ್ತಿದ್ದರು. ನಡೆಸಿಕೊಡುತ್ತಿದ್ದ ಜೋ ಕೆಲಿ ವಿದ್ವಾಂಸರಲ್ಲ, ಹಳ್ಳಿಗಾಡಿನ ಸಂಗೀತದ ‘ನ್ಯಾಷನಲ್ ಬಾರ್ನ್ ಡಾನ್ಸ್’ ಕಾರ್ಯಕ್ರಮದಿಂದ ಬಂದವರು; ಅವರ ಕೈಯಲ್ಲಿದ್ದ ಕಾರ್ಡುಗಳಲ್ಲಿ ಉತ್ತರಗಳಿರುತ್ತಿದ್ದವು. ಇದನ್ನು ನಾನು ಕೊರತೆಯೆಂದು ಎಣಿಸುವುದಿಲ್ಲ. ಪ್ರಶ್ನೆ ಕೇಳುವವರು ಮೇಷ್ಟರಂತೆ ಗದರದೆ, ಮಗುವಿನ ಉತ್ತರಕ್ಕೆ ತಾವೇ ಬೆರಗಾಗುವುದರಿಂದ ಮಕ್ಕಳು ಹೆದರಿಕೆಯಿಲ್ಲದೆ ಮಾತನಾಡುತ್ತಾರೆ. ಗಣಿತದ ಪ್ರಶ್ನೆ ಬಂದಾಗ ಮಗುವೊಂದು ಬಾಯಿಲೆಕ್ಕದ ಹಂತಗಳನ್ನು ಬಿಡಿಸಿ ಹೇಳುವ ಭಾಗವೇ ಈ ಕಾರ್ಯಕ್ರಮದ ತಿರುಳು. ನಮ್ಮ ಮಗಳು ಅಂಥ ಕಡೆಗಳಲ್ಲಿ ತಾನೂ ಲೆಕ್ಕ ಹಾಕುತ್ತ, ಕೆಲವೊಮ್ಮೆ ಅವರಿಗಿಂತ ಮೊದಲೇ ಉತ್ತರ ಹೇಳುತ್ತಾಳೆ. ಮುಂದೆ ಡಿಎನ್‌ಎ ರಚನೆಯ ಸಂಶೋಧನೆಗಾಗಿ 1962ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಜೇಮ್ಸ್ ವಾಟ್ಸನ್ ಕೂಡ ಬಾಲಕನಾಗಿದ್ದಾಗ ಇದರಲ್ಲಿ ಭಾಗವಹಿಸಿದ್ದರು. ಈ ಕಾರ್ಯಕ್ರಮವನ್ನು ರೂಪಿಸಿದ ಲೂಯಿ ಕೊವನ್ ಅವರೇ 1955ರಲ್ಲಿ 64 ಡಾಲರಿನ ಪ್ರಶ್ನೆಯನ್ನು 64,000 ಡಾಲರಿಗೆ ಹಿಗ್ಗಿಸಿ ಟೆಲಿವಿಷನ್‌ಗೆ ತಂದರು. ಅವರ ಎರಡು ಸೃಷ್ಟಿಗಳಲ್ಲಿ ಮಕ್ಕಳದೇ ಹೆಚ್ಚು ಬಾಳಿಕೆಯದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಮ್ಮನನ್ನು ನಮ್ಮ ಕೂಟದೊಳಕ್ಕೆ ನಿಜವಾಗಿ ಕರೆತಂದದ್ದು 1946ರಲ್ಲಿ ಮ್ಯೂಚುಯಲ್ ಜಾಲದಲ್ಲಿ ಆರಂಭವಾದ ‘ಟ್ವೆಂಟಿ ಕ್ವೆಶ್ಚನ್ಸ್’. ಮನಸ್ಸಿನಲ್ಲಿಟ್ಟುಕೊಂಡ ವಸ್ತು ಪ್ರಾಣಿಮೂಲದ್ದೋ, ಸಸ್ಯಮೂಲದ್ದೋ, ಖನಿಜಮೂಲದ್ದೋ ಎಂದಷ್ಟೇ ತಿಳಿಸಿ, ಹೌದು ಅಥವಾ ಅಲ್ಲ ಎಂಬ ಉತ್ತರ ಬರುವ ಇಪ್ಪತ್ತು ಪ್ರಶ್ನೆಗಳೊಳಗೆ ಅದನ್ನು ಕಂಡುಹಿಡಿಯಬೇಕೆಂಬುದು ಇದರ ನಿಯಮ. ರೇಡಿಯೊದ ಜಾಣ್ಮೆ ಇರುವುದು ಬೇರೆಡೆ: ಸ್ಪರ್ಧಿಗಳಿಗೆ ಕೇಳಿಸದಂತೆ ಒಂದು ಗುಪ್ತ ಧ್ವನಿ ಮನೆಯಲ್ಲಿ ಕುಳಿತ ಕೇಳುಗರಿಗೆ ಉತ್ತರವನ್ನು ಮೊದಲೇ ಹೇಳಿಬಿಡುತ್ತದೆ. 1947ರಲ್ಲಿ ಆರಂಭವಾದ ಬಿಬಿಸಿಯ ಆವೃತ್ತಿಯಲ್ಲಿಯೂ ಈ ಗುಪ್ತ ಧ್ವನಿ ಪ್ರಸಿದ್ಧವಾಯಿತು. ಗುಬ್ಬಿ ಸೀಮೆಯ ಪೌರಾಣಿಕ ನಾಟಕಗಳಲ್ಲಿ ಬೃಹನ್ನಳೆ ಯಾರೆಂಬುದು ಪ್ರೇಕ್ಷಕರಿಗೆಲ್ಲ ಗೊತ್ತಿದ್ದು, ಉತ್ತರಕುಮಾರನಿಗೊಬ್ಬನಿಗೇ ಗೊತ್ತಿಲ್ಲದಿರುವಾಗ ಹುಟ್ಟುವ ರಸವೇ ಇಲ್ಲಿಯೂ ಹುಟ್ಟುತ್ತದೆ. ಸ್ಪರ್ಧಿಗಳು ಉತ್ತರದ ಹತ್ತಿರ ಸುಳಿದು ದೂರ ಸರಿದಾಗ ಅಮ್ಮ ‘ಅಯ್ಯೋ, ಅಲ್ಲೇ ಇತ್ತಲ್ಲ’ ಎನ್ನುತ್ತಾರೆ. ಅಷ್ಟು ಮಾತ್ರದ ಇಂಗ್ಲಿಷ್ ಅವರಿಗೆ ಯಾವ ತೊಡಕನ್ನೂ ಒಡ್ಡುವುದಿಲ್ಲ. ಧ್ವನಿಮುದ್ರಣ ಮುಗಿದ ಮೇಲೆ ನಾವೇ ಕನ್ನಡದಲ್ಲಿ ಆಡುವುದುಂಟು. ಒಮ್ಮೆ ದೊಡ್ಡಪ್ಪ ಕ್ಯಾತ್ಸಂದ್ರದ ತಟ್ಟೆ ಇಡ್ಲಿಯನ್ನು ಮನಸ್ಸಿನಲ್ಲಿಟ್ಟುಕೊಂಡು ‘ಸಸ್ಯ’ ಎಂದರು. ಹೆಸರಿನಲ್ಲಿಯೇ ತಟ್ಟೆ ಇರುವುದರಿಂದ ‘ಖನಿಜ’ವನ್ನೂ ಸೇರಿಸಬೇಕಿತ್ತೆಂದು ಮಗಳು ಪಟ್ಟು ಹಿಡಿದಳು. ಉಳಿದ ಮೂರು ಕಾರ್ಯಕ್ರಮಗಳಲ್ಲಿ ಯಾವುದೂ ಹೀಗೆ ಸುಲಭವಾಗಿ ನಮ್ಮ ನಡುಮನೆಯ ಆಟವಾಗಲಿಲ್ಲ.

ಆದರೂ ನನ್ನ ಮನಸ್ಸು ನಿಂತಿರುವುದು 1938ರ ಮೇ 17ರಂದು ಎನ್‌ಬಿಸಿಯ ಬ್ಲೂ ಜಾಲದಲ್ಲಿ ಮೊದಲು ಕೇಳಿಬಂದ ‘ಇನ್‌ಫರ್ಮೇಶನ್ ಪ್ಲೀಸ್’ ಮೇಲೆ. ಇದರ ರೂವಾರಿ ಡ್ಯಾನ್ ಗೋಲನ್‌ಪಾಲ್ ರಸಪ್ರಶ್ನೆಯ ದಿಕ್ಕನ್ನೇ ತಿರುಗಿಸಿದರು: ಇಲ್ಲಿ ಪಂಡಿತರು ಜನರನ್ನು ಪರೀಕ್ಷಿಸುವುದಿಲ್ಲ, ಜನರು ಅಂಚೆಯಲ್ಲಿ ಪ್ರಶ್ನೆ ಕಳುಹಿಸಿ ಪಂಡಿತರನ್ನು ಪರೀಕ್ಷಿಸುತ್ತಾರೆ. ಆರಂಭದಲ್ಲಿ ಪ್ರಶ್ನೆ ಬಳಕೆಯಾದರೆ 2 ಡಾಲರ್, ಪಂಡಿತರು ಸೋತರೆ ಇನ್ನೂ 5 ಡಾಲರ್ ಕೊಡುತ್ತಿದ್ದರು. ಆಗ ಕ್ಯಾಶ್ ರಿಜಿಸ್ಟರಿನ ಗಂಟೆ ಮೊಳಗುತ್ತಿತ್ತು. ಮುಂದೆ ಎನ್‌ಸೈಕ್ಲೊಪೀಡಿಯ ಬ್ರಿಟಾನಿಕಾದ ಸಂಪುಟಗಳೂ ಬಹುಮಾನಕ್ಕೆ ಸೇರಿದವು. ‘ಥಟ್ ಅಂತ ಹೇಳಿ’ಯಲ್ಲಿ ಪುಸ್ತಕಗಳೇ ಬಹುಮಾನವಾಗುವುದನ್ನು ಮೆಚ್ಚಿದ ನಮ್ಮ ಮನೆಯವರಿಗೆ ಇದು ವಿಶೇಷವಾಗಿ ಹಿಡಿಸಿತು.

ನಿರ್ವಾಹಕರಾದ ಕ್ಲಿಫ್ಟನ್ ಫ್ಯಾಡಿಮನ್ ಆಗ ‘ನ್ಯೂಯಾರ್ಕರ್’ ಪತ್ರಿಕೆಯ ಪುಸ್ತಕ ವಿಮರ್ಶಕರು. ಕ್ರೀಡಾ ಅಂಕಣಕಾರ ಜಾನ್ ಕೀರನ್ ಅವರಿಗೆ ಶೇಕ್ಸ್‌ಪಿಯರ್, ಹಕ್ಕಿಗಳು, ಲ್ಯಾಟಿನ್ ಎಲ್ಲವೂ ಬರುತ್ತಿದ್ದವು. ಅವರ ಪಕ್ಕದಲ್ಲಿ ಅಂಕಣಕಾರ ಫ್ರಾಂಕ್ಲಿನ್ ಆಡಮ್ಸ್, ಪಿಯಾನೊ ವಾದಕ ಆಸ್ಕರ್ ಲೆವಂಟ್, ಜೊತೆಗೆ ಅತಿಥಿಗಳು. ಇವರು ಮುಂಚಿತವಾಗಿ ಬರೆದಿಟ್ಟ ಮಾತುಗಳನ್ನು ಓದುತ್ತಿರಲಿಲ್ಲ. ಹಲವು ಪ್ರಶ್ನೆಗಳಿಗೆ ನಾಲ್ಕು ಭಾಗಗಳಿದ್ದು, ಮೂರಕ್ಕೆ ಸರಿಯುತ್ತರ ಬಂದರೆ ಸಾಕಾಗುತ್ತಿತ್ತು. ಹೀಗಾಗಿ ಒಬ್ಬರ ಅರ್ಧ ನೆನಪನ್ನು ಇನ್ನೊಬ್ಬರು ಪೂರ್ಣಗೊಳಿಸುವುದು, ತಪ್ಪು ದಾರಿ ಹಿಡಿದು ಮರಳುವುದು, ನಡುವೆ ಚಟಾಕಿ ಹಾರಿಸುವುದು ಎಲ್ಲವೂ ಕೇಳುತ್ತದೆ. ಉತ್ತರ ಗೊತ್ತಾದ ಮೇಲೆಯೂ ಮತ್ತೆ ಕೇಳಬೇಕೆನಿಸುವುದು ಈ ಸಂಭಾಷಣೆಯಿಂದಲೇ.

ತೊಡಕುಗಳೂ ಇವೆ. ಅಂದಿನ ಅಮೆರಿಕದ ರಾಜಕಾರಣಿಗಳು, ಬೇಸ್‌ಬಾಲ್ ಆಟಗಾರರು ಬಂದಾಗ ನಾವೆಲ್ಲ ಹೊರಗುಳಿಯುತ್ತೇವೆ. ಸಿಗರೇಟಿನ ಜಾಹೀರಾತುಗಳು ಪದೇಪದೇ ಅಡ್ಡ ಬರುತ್ತವೆ. ಪ್ರಾಯೋಜಕರಾಗಿದ್ದ ಲಕ್ಕಿ ಸ್ಟ್ರೈಕ್‌ನವರು 1942ರಲ್ಲಿ ತಮ್ಮ ಯುದ್ಧಕಾಲದ ಘೋಷಣೆಯನ್ನು ಕಾರ್ಯಕ್ರಮದುದ್ದಕ್ಕೂ ತುರುಕಿದಾಗ ಗೋಲನ್‌ಪಾಲ್ ನ್ಯಾಯಾಲಯದ ಮೆಟ್ಟಿಲನ್ನೇರಿದರು; 1943ರಲ್ಲಿ ಕಾರ್ಯಕ್ರಮ ಹೈನ್ಜ್ ಕಂಪನಿಯ ಪ್ರಾಯೋಜಕತ್ವಕ್ಕೆ ಬಂದಿತು. ಹೊಸದಾಗಿ ಕೇಳುವವರು ಲೆವಂಟ್ ಅವರಿರುವ ಕಂತುಗಳಿಂದ ತೊಡಗುವುದು ಒಳ್ಳೆಯದು. ಸಂಗೀತದ ಪ್ರಶ್ನೆಗಳಿಗೆ ಅವರು ಪಿಯಾನೊ ನುಡಿಸಿಯೂ ಉತ್ತರಿಸುವುದರಿಂದ, ಇಂಗ್ಲಿಷಿನ ವೇಗಕ್ಕೆ ಇನ್ನೂ ಒಗ್ಗದ ಕಿವಿಗೂ ಅಲ್ಲಿ ಏನಾದರೂ ದಕ್ಕುತ್ತದೆ.