ವೈಫೈ ಎಪಿ (ಆಕ್ಸೆಸ್ ಪಾಯಿಂಟ್) ಕೂರಿಸುವ ಪ್ರತಿ ಪಾಯಿಂಟಿಗೆ ಜೋಡಿ ಕ್ಯಾಟ್6 ನೆಟ್‌ವರ್ಕ್ ಕೇಬಲ್ ಎಳೆಯಬೇಕೋ, ಒಂಟಿ ಕ್ಯಾಟ್6ಎ ಸಾಕೋ?

ಹಾಸ್ಟೆಲ್, ಕ್ಲಾಸ್‌ರೂಮ್ ಬ್ಲಾಕುಗಳಿಗೆ ನನ್ನ ಓಟು ಜೋಡಿ ಕ್ಯಾಟ್6ಗೆ, ಅಪ್ಪಟ ತಾಮ್ರದ್ದಾದರೆ ಮಾತ್ರ. ಮಹಡಿಗೊಂದು ನೆಟ್‌ವರ್ಕ್ ಸ್ವಿಚ್ಚಿನ ರ‍್ಯಾಕ್ ಇದ್ದರೆ 50 ಮೀಟರ್ ದಾಟುವ ಪಾಯಿಂಟು ಅಪರೂಪ. ಕ್ಯಾಟ್6 ಮೇಲೆ 5 ಗಿಗಾಬಿಟ್ ಪೂರಾ 100 ಮೀಟರ್ ಓಡುತ್ತದೆ, 10 ಗಿಗಾಬಿಟ್ 55 ಮೀಟರ್ ತನಕ. ಕಂತೆ ಕಟ್ಟಿ ಬಿಗಿದರೆ ಆ 55 ಕೂಡ 37ಕ್ಕೆ ಇಳಿಯಬಹುದು, ಟ್ರೇಯಲ್ಲಿ ಸಡಿಲ ಬಿಡಿ. ಒಂದನ್ನು ಇಲಿ ಕಡಿದರೆ ಇನ್ನೊಂದಿರುತ್ತದೆ.

6ಎ 10 ಗಿಗಾಬಿಟ್ಟನ್ನು 100 ಮೀಟರ್ ಒಯ್ಯುತ್ತದೆ. ಆಡಿಟೋರಿಯಂ ಥರದ ಉದ್ದ ದೂರಕ್ಕೆ ಅದೇ ಸರಿ. ಜಾಗದ ಲೆಕ್ಕದಲ್ಲೂ ಗೆಲ್ಲುತ್ತದೆ: 25 ಎಂಎಂ ಪೈಪಿನಲ್ಲಿ ಒಂಟಿ 6ಎ ಮೂರು ಪಾಯಿಂಟಿಗೆ ಸಾಕು, ಜೋಡಿ ಕ್ಯಾಟ್6 ಎರಡಕ್ಕೇ ಮುಗಿಯಿತು. ಆದರೆ ಬಲು ಬಿರುಸು, ಗೋಡೆಯ ಬಾಕ್ಸಿನೊಳಗೆ ಮಣಿಯುವುದಿಲ್ಲ.

ನಿಜವಾದ ತಲೆನೋವು ಮೂರನೆಯದು, ಅಗ್ಗದ ‘ಕ್ಯಾಟ್6’. ಒಳಗಿರುವುದು ತಾಮ್ರದ ಲೇಪ ಬಳಿದ ಅಲ್ಯುಮಿನಿಯಂ, ಅಂದರೆ ಸಿಸಿಎ. ತಂತಿ ತುಂಡಾಗಿದೆಯೇ ಎಂದಷ್ಟೇ ನೋಡುವ ಎಂಟು ದೀಪದ ಟೆಸ್ಟರು ಇದನ್ನು ಹಿಡಿಯುವುದಿಲ್ಲ, ಎಂಟೂ ಹಸಿರೇ ತೋರಿಸುತ್ತದೆ. ಲಿಂಕೂ ಬರುತ್ತದೆ. ರಾತ್ರಿ ಎಲ್ಲರೂ ಒಟ್ಟಿಗೆ ಕನೆಕ್ಟ್ ಆದಾಗ ಎಪಿ ಅದೇ ಕೇಬಲ್ಲಿನಿಂದ 25 ವ್ಯಾಟ್ ತನಕ ವಿದ್ಯುತ್ ಎಳೆಯಬಹುದು, ತಂತಿಯಲ್ಲೇ ವೋಲ್ಟೇಜ್ ಸೋರಿ ಅದು ರೀಬೂಟ್ ಆಗುತ್ತದೆ. ಬೈಗುಳ ಮಾತ್ರ ಸ್ವಿಚ್ಚಿಗೆ. ಮೇಲಾಗಿ ಅಲ್ಯುಮಿನಿಯಂ ಜ್ಯಾಕಿನ ಹಲ್ಲಿನಲ್ಲಿ ಕಾಲ ಕಳೆದಂತೆ ಸಡಿಲವಾಗುತ್ತದೆ, ಪದೇ ಪದೇ ಬಗ್ಗಿಸಿದರೆ ತಾಮ್ರಕ್ಕಿಂತ ಬೇಗ ಮುರಿಯುತ್ತದೆ.

ಬಾಕ್ಸ್ ಎತ್ತಿ ನೋಡಿ: ಅದೇ 305 ಮೀಟರಿನ ತಾಮ್ರದ ಬಾಕ್ಸಿಗಿಂತ ಹಗುರ. ತಂತಿಯ ತುದಿಯನ್ನು ಬ್ಲೇಡಿನಲ್ಲಿ ಹೆರೆಯಿರಿ, ಕೆಂಪು ಹೋಗಿ ಬೆಳ್ಳಗೆ ಹೊಳೆದರೆ ಸಿಸಿಎ.

ಬಜೆಟ್ ಬಿಗಿಯಾಗಿದ್ದರೆ ಎರಡನೇ ಎಳೆಗೆ ಜ್ಯಾಕು, ಪ್ಯಾನೆಲ್ ಪೋರ್ಟು ಈಗಲೇ ಬೇಡ. ಎಳೆದು, ಎರಡೂ ತುದಿಗೆ ಲೇಬಲ್ ಹಚ್ಚಿ, ಸೀಲಿಂಗ್ ಮೇಲೆ 3 ಮೀಟರ್ ಸುರುಳಿ ಬಿಡಿ. ಪೈಪಿಗೆ ಮತ್ತೆ ಕೈ ಹಾಕುವ ಕೂಲಿ ಕೇಬಲ್ಲಿಗಿಂತ ದುಬಾರಿ.

ಸೀಲಿಂಗ್ ಮುಚ್ಚುವ ಮೊದಲು ಒಂದು ತುದಿಯಲ್ಲಿ ಕಂದು ಜೋಡಿಯ ಎರಡೂ ತಂತಿ ಸುತ್ತಿ ಸೇರಿಸಿ, ಇನ್ನೊಂದು ತುದಿಯಲ್ಲಿ ಮಲ್ಟಿಮೀಟರ್ ಇಡಿ. 23 ಗೇಜಿನ (ತಂತಿಯ ದಪ್ಪದ ಅಳತೆ) ತಾಮ್ರ 60 ಮೀಟರ್ ಕೇಬಲ್ಲಿಗೆ ಸುಮಾರು 8 ಓಮ್ ತೋರಿಸುತ್ತದೆ. 12ರ ಆಸುಪಾಸು ಬಂದರೆ ಬಾಕ್ಸ್ ವಾಪಸ್ ಕಳಿಸಿ.